ಟಕ್ ಅಂದ ದಿನಗಳು

೧ ನವೆಂಬರ್ ೨೦೨೪, ಶುಕ್ರವಾರ

ಹಾನಗಲ್ಲಿನ ಅಕ್ಕಿ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಲಾಗ್ ಪುಸ್ತಕ ಬರೆದೆ. ಯಾವ ಮೋಟಾರು ಎಷ್ಟು ಗಂಟೆಗೆ ಚಾಲೂ ಆಯಿತು, ಯಾವುದು ಯಾಕೆ ನಿಂತಿತು, ಇಷ್ಟೇ. ಬೇರೆ ಏನನ್ನೂ ಬರೆದವನಲ್ಲ. ಈಗ ಮನೆಯ ಕಾರಿಗೂ ಒಂದು ಪುಸ್ತಕ ಇಡುವ ಕಾಲ ಬಂತು. ಹತ್ತೊಂಬತ್ತು ವರ್ಷದ ಕಾರು. ಹೋದ ತಿಂಗಳು ಎರಡು ಸಲ ಕೀಲಿ ತಿರುಗಿಸಿದರೆ ಟಕ್ ಅಂದು ಸುಮ್ಮನಾಯಿತು, ಆಮೇಲೆ ತಾನೇ ಸರಿಹೋಯಿತು. ಯಾವಾಗ ಹೀಗಾಗುತ್ತದೆ ಎಂದು ಮೆಕ್ಯಾನಿಕ್ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾರು ಸುಮ್ಮನಾದರೆ ನಡೆಯುವುದಿಲ್ಲ. ಹೆಂಡತಿ ನೀಲವ್ವನ ಎರಡೂ ಮೂತ್ರಪಿಂಡ ಕೈಬಿಟ್ಟಿವೆ. ಶ್ರಾವಣದಿಂದ ಮಂಗಳವಾರ, ಶುಕ್ರವಾರ ಹಾವೇರಿಯಲ್ಲಿ ಡಯಾಲಿಸಿಸ್. ಏಳು ಗಂಟೆಗೆ ಮಶೀನಿಗೆ ಹಚ್ಚುತ್ತಾರೆ. ಆ ಹೊತ್ತಿಗೆ ನಮ್ಮ ಆಡೂರಿನಿಂದ ಮುಟ್ಟಿಸುವ ಬಸ್ಸಿಲ್ಲ.

ಸ್ಟಾರ್ಟ್: ಬೆಳಿಗ್ಗೆ ಒಂದೇ ಸಲಕ್ಕೆ. ಹಾವೇರಿಯಲ್ಲೂ ಒಂದೇ ಸಲಕ್ಕೆ.

ಮಧ್ಯಾಹ್ನ ವಾಪಸು ಬಂದರೆ ಅವ್ವ ಬಕೆಟ್ಟು, ತೆಂಗಿನಕಾಯಿ ಇಟ್ಟುಕೊಂಡು ಅಂಗಳದಲ್ಲಿ ಕಾಯುತ್ತಿದ್ದಳು. ದೀಪಾವಳಿ ಅಮವಾಸ್ಯೆ. ಅಮವಾಸ್ಯೆಗೊಮ್ಮೆ ಕಾರಿನ ಪೂಜೆ ಎಪ್ಪತ್ತೆಂಟರ ಈ ಮುದುಕಿಯದೇ, ಇನ್ನೊಬ್ಬರು ಮುಟ್ಟುವಂತಿಲ್ಲ. ಮೊದಲೆಲ್ಲ ಗಾಲಿಗೆ ನೀರು ಬಿಟ್ಟು ಮುಗಿಸುತ್ತಿದ್ದಳು. ಸೊಸೆಯ ಓಡಾಟ ಶುರುವಾದ ಮೇಲೆ ಬಾನೆಟ್ ಎತ್ತಿಸುತ್ತಾಳೆ. ಇಂಜಿನ್ನಿಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದು ಆ ನೀರನ್ನು ಒಳಗೇ ಸುರಿಯುತ್ತಾಳೆ.

"ಗಾಲಿಗೆ ಹಾಕಿದ್ರ ಸಾಲೂದಿಲ್ಲೇನವ್ವಾ?" ಅಂದೆ.

"ಎಳಿಯಾಂವ ಒಳಗದಾನ. ಹೊರಗ ಹಾಕಿದ್ರ ಅವಗೇನ ಮುಟ್ಟತೈತಿ?" ಅಂದಳು.

೫ ನವೆಂಬರ್, ಮಂಗಳವಾರ

ಸ್ಟಾರ್ಟ್: ಇಲ್ಲ.

ಬೆಳಗಿನ ಐದೂವರೆಗೆ ಕೀಲಿ ತಿರುಗಿಸಿದೆ, ಟಕ್. ಹದಿನಾಲ್ಕು ಸಲ ಟಕ್. ದೀಪ ಚೆನ್ನಾಗಿ ಉರಿಯುತ್ತದೆ, ಹಾರ್ನ್ ಹೊಡೆಯುತ್ತದೆ, ಬ್ಯಾಟರಿ ಹೊಸದು. ಓಣಿಯ ನಾಲ್ವರನ್ನು ಎಬ್ಬಿಸಿ ನೂಕಿಸಿದೆ. ನೀಲವ್ವ ಒಳಗೆ ಕೂತೇ ಅವರಿಗೆ ಹೇಳಿದಳು, "ನನ್ನ ಇಳಿಸಿ ನೂಕ್ರಪಾ, ಹಗರ ಆಗತೈತಿ." ಅವಳ ಮುಖ, ಕಾಲು ನೀರು ತುಂಬಿ ಬಾತಿದ್ದವು. ನಾಲ್ವರೂ ನಕ್ಕರು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಹಾವೇರಿಯಲ್ಲಿ ಇಳಿಜಾರು ಹುಡುಕಿ ನಿಲ್ಲಿಸಿದೆ.

೭ ನವೆಂಬರ್, ಗುರುವಾರ

ಹಾನಗಲ್ಲಿನಲ್ಲಿ ಅಫ್ಜಲನ ಗ್ಯಾರೇಜಿಗೆ ಒಯ್ದೆ. ಹನ್ನೆರಡು ವರ್ಷದಿಂದ ಈ ಕಾರಿನ ಮೆಕ್ಯಾನಿಕ್ ಅವನೇ. ಅವನು ಹತ್ತು ಸಲ ಕೀಲಿ ತಿರುಗಿಸಿದ, ಹತ್ತು ಸಲವೂ ಆಯಿತು. ನನ್ನ ಮರ್ಯಾದೆ ಹೋಯಿತು.

"ಹಿಂತಾದ್ದು ನಮ್ಮ ಮುಂದ ಆಗೂದಿಲ್ರಿ ಅಣ್ಣಾರ. ಗಾಡಿ ಎರಡ್ ದಿನಾ ಬಿಡ್ರಿ. ಇದ್ದಬಿದ್ದ ವೈರ್ ಎಲ್ಲಾ ಬಿಚ್ಚಿ ನೋಡ್ತೇನಿ."

"ನಾಳೆ ಶುಕ್ರವಾರ. ಎಲ್ಲಿಂದ ಬಿಡ್ಲಿ?"

"ಶನಿವಾರ ಬಿಡ್ರಿ ಹಂಗಾರ."

ಶನಿವಾರ ಬಿಡಲಿಲ್ಲ. ಅವಳಿಗೆ ಯಾವ ಹೊತ್ತಿನಲ್ಲಿ ಏನಾಗುತ್ತದೋ, ಕಾರು ಅಂಗಳದಲ್ಲಿರಬೇಕು.

೧೫ ನವೆಂಬರ್, ಶುಕ್ರವಾರ

ಸ್ಟಾರ್ಟ್: ಒಂದೇ ಸಲಕ್ಕೆ. ವಾರದಿಂದ ಹೀಗೇ.

ನಾನು ಬರೆಯುವುದನ್ನು ನೀಲವ್ವ ನೋಡಿದಳು. "ಮೂವತ್ತ ವರ್ಷದಾಗ ನನ್ನ ಮ್ಯಾಲೆ ಒಂದ ಸಾಲ ಬರೀಲಿಲ್ಲ. ಈ ಡಬ್ಬಿಗೆ ಪುಸ್ತಕಾನ ಇಟ್ರಿ. ನಂದೂ ಬರೀರಿ, ನೀಲವ್ವ ಇವತ್ತ ಒಂದ ಸಲಕ್ಕ ಎದ್ಲು ಅಂತ."

ಬರೆದಿದ್ದೇನೆ.

೧ ಡಿಸೆಂಬರ್, ಭಾನುವಾರ

ಅಮವಾಸ್ಯೆ. ಅವ್ವನ ಪೂಜೆ ಆಯಿತು. ಹೊರಗೆ ಹೋಗಲಿಲ್ಲ.

೩ ಡಿಸೆಂಬರ್, ಮಂಗಳವಾರ

ಸ್ಟಾರ್ಟ್: ಇಲ್ಲ. ಮನೆಯಲ್ಲೂ ಇಲ್ಲ, ಹಾವೇರಿಯಲ್ಲೂ ಇಲ್ಲ.

ಡಯಾಲಿಸಿಸ್ ಮುಗಿಸಿ ಬಂದವಳಿಗೆ ನಿಲ್ಲಲು ತ್ರಾಣ ಇರುವುದಿಲ್ಲ. ನೂಕಲು ಜನ ಸಿಗುವತನಕ ಬಿಸಿಲಲ್ಲಿ ಕೂತಿದ್ದಳು. ಸ್ಟಾರ್ಟ್ ಮಾಡಿದ ಮೇಲೆ ನಾನು ಕಾರಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದಲ್ಲ. ಅವಳು ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿ, "ಬೈಬ್ಯಾಡ್ರಿ, ಅದಕ್ಕೂ ವಯಸ್ಸಾಗೇತಿ" ಅಂದಳು.

೪ ಡಿಸೆಂಬರ್, ಬುಧವಾರ

ಇವತ್ತೂ ಅಫ್ಜಲನ ಮುಂದೆ ಟಕ್ ಅನ್ನಲಿಲ್ಲ. ನಾನು ಹಟ ಹಿಡಿದೆ. ಸ್ಟಾರ್ಟರ್ ಮೋಟಾರೇ ಬದಲಿಸು ಅಂದೆ. "ಮೋಟಾರ್ ಕೆಟ್ಟಂಗ ಕಾಣೂದಿಲ್ರಿ, ವೈರ್ ನೋಡ್ಬೇಕು, ಎರಡ್ ದಿನಾ..." ಅಂದ. ಮೋಟಾರು ಹಾಕು ಅಂದೆ. ಹೊಸದು ಹಾಕಿದ.

೨೦ ಡಿಸೆಂಬರ್, ಶುಕ್ರವಾರ

ಸ್ಟಾರ್ಟ್: ಒಂದೇ ಸಲಕ್ಕೆ. ಹದಿನಾರು ದಿನದಿಂದ ಒಂದೂ ಟಕ್ ಇಲ್ಲ. ಮೋಟಾರೇ ಕೆಟ್ಟಿತ್ತು, ನಾನು ಹೇಳಿದ್ದೇ ಖರೆ. ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಸುಮ್ಮನೆ ಕಳೆಯಲಿಲ್ಲ.

ಖುಷಿಗೆ ಸವಣೂರಿನ ಖಾರಾ ತರಿಸಿದ್ದೆ. ಅವಳಿಗೆ ಉಪ್ಪು ಬೇಡ ಎಂದಿದ್ದಾರೆ, ಮರೆತೆ. ಪೊಟ್ಟಣ ಬಿಚ್ಚಿ ವಾಸನೆ ನೋಡಿ, ಅವ್ವನ ಕೈಗೆ ಕೊಟ್ಟಳು.

೩೦ ಡಿಸೆಂಬರ್, ಸೋಮವಾರ

ಎಳ್ಳ ಅಮವಾಸ್ಯೆ. ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದೆ. ನೀಲವ್ವ ಬರಲಿಲ್ಲ, ಕಟ್ಟೆಯ ಮೇಲೆ ಕೂತಿದ್ದಳು.

ಅವ್ವ ಕಾಯಿ ಒಡೆದು ನೀರನ್ನು ತಂಬಿಗೆಗೆ ಹಿಡಿದಳು. ದೊಡ್ಡ ಕಾಯಿ, ತಂಬಿಗೆ ಅರ್ಧ ತುಂಬಿತು. ನೀಲವ್ವನಿಗೆ ದಿನಕ್ಕೆ ಅರ್ಧ ಲೀಟರ್ ನೀರು ಮಾತ್ರ, ತೆಂಗಿನ ನೀರಂತೂ ಮುಟ್ಟಲೇಬಾರದು ಎಂದು ಡಾಕ್ಟರು ಮೂರು ಸಲ ಹೇಳಿದ್ದಾರೆ. ತಂಬಿಗೆಯನ್ನೇ ನೋಡುತ್ತಿದ್ದಳು. ಅವ್ವನಿಗೆ ಅದು ಗೊತ್ತಾಯಿತು. ಬೆನ್ನು ತಿರುಗಿಸಿ ನಿಂತು ಎಲ್ಲವನ್ನೂ ಇಂಜಿನ್ನಿಗೆ ಸುರಿದಳು.

"ನನಗಿಲ್ಲದ್ದು ಅದಕ್ಕರೆ ಸಿಗಲಿ ಬಿಡ್ರಿ ಅತ್ತೀ," ಅಂದಳು ನೀಲವ್ವ.

"ನಿನ್ನ ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬರತೈತೆವ್ವಾ. ಅದು ತಣ್ಣಗಿದ್ರ ನೀ ತಣ್ಣಗಿರ್ತಿ."

೩೧ ಡಿಸೆಂಬರ್, ಮಂಗಳವಾರ

ಸ್ಟಾರ್ಟ್: ಇಲ್ಲ. ಹೊಸ ಮೋಟಾರಿಗೂ ಅದೇ ಟಕ್.

ನೂಕುವವರು ಹೊಲಕ್ಕೆ ಹೋಗಿದ್ದರು. ಜನ ಕೂಡಿಸುವಷ್ಟರಲ್ಲಿ ಏಳೂವರೆ. ಮುಟ್ಟಿದಾಗ ಒಂಬತ್ತು. ಮುಂದಿನ ಸರದಿಯವರು ಕಾಯುತ್ತಿದ್ದರು, ನಾಲ್ಕು ತಾಸಿನ ಬದಲು ಎರಡೇ ತಾಸು ಸಿಕ್ಕಿತು. ಅವರ ತಪ್ಪಿಲ್ಲ. ಅವರೂ ನಮ್ಮ ಹಾಗೇ ಬಾತುಕೊಂಡು ಬಂದವರು.

೩ ಜನವರಿ ೨೦೨೫, ಶುಕ್ರವಾರ

ಸ್ಟಾರ್ಟ್: ಮನೆಯಲ್ಲಿ ಆಯಿತು. ದಾರಿಯಲ್ಲಿ ಆಗಲಿಲ್ಲ.

೯ ಜನವರಿ, ಗುರುವಾರ

ಹೋದ ಶುಕ್ರವಾರ ಊರು ದಾಟಿ ಆರು ಕಿಲೋಮೀಟರಿಗೆ ಕಾರು ನಿಂತಿತು. ಎರಡೂ ಬದಿಗೆ ಕೊಯ್ದ ಗದ್ದೆ, ಒಂದು ನರಪಿಳ್ಳೆ ಇಲ್ಲ. ಮುಂದೆ ಏರು. ಒಬ್ಬನೇ ಇಳಿದು ನೂಕಿದೆ, ಹಿಂದೆ ಹಿಂದೆ ಬಂತು. ನೀಲವ್ವನಿಗೆ ಉಸಿರು ಸಿಗುತ್ತಿರಲಿಲ್ಲ. ನಾನು ಕೀಲಿ ತಿರುಗಿಸುವುದು, ಅದು ಟಕ್ ಅನ್ನುವುದು. "ಇನ್ನೊಂದ ಸಲ ನೋಡ್ರಿ," ಅನ್ನುತ್ತಿದ್ದಳು. ಆಮೇಲೆ ಬರೀ ಬೆರಳೆತ್ತಿ ತೋರಿಸಿದಳು, ಇನ್ನೊಂದು ಸಲ ಎಂದು. ಆಂಬುಲೆನ್ಸಿಗೆ ಫೋನು ಮಾಡಿದ್ದೆ. ಅದಕ್ಕಿಂತ ಮೊದಲು ತರಕಾರಿ ಟೆಂಪೊ ಬಂತು, ಅಷ್ಟರಲ್ಲಿ ನಲವತ್ತು ನಿಮಿಷ. ಅವಳ ಬೆರಳು ಎತ್ತಿದಂತೆಯೇ ಇತ್ತು.

ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುತ್ತಾರೆ. ಕಾರಿನಿಂದ ಎತ್ತಿದ ಭಂಗಿಯಲ್ಲೇ ಕೂತಿದ್ದಳು. ಅಫ್ಜಲ ಬಂದು ಕುಣಿಗೆ ಒಂದು ಹಿಡಿ ಮಣ್ಣು ಹಾಕಿ ಹೋದ. ಅವನ ತಾಯಿ ಲಾಲಬಿ ಅವ್ವನ ಹತ್ತಿರ ಸಂಜೆತನಕ ಕೂತಿದ್ದಳು.

೧೬ ಜನವರಿ, ಗುರುವಾರ

ಸ್ಟಾರ್ಟ್: ಒಂದೇ ಸಲಕ್ಕೆ. ಈಗ ಆಗುತ್ತದೆ.

ಶಿಗ್ಗಾವಿಗೆ ಹೋದೆ. ಅಲ್ಲಿಯ ಮೆಕ್ಯಾನಿಕ್ ಬಗ್ಗಿ ನೋಡಿ, "ಈ ಮೋಟಾರ್ ಹೊಸಾದಲ್ರಿ, ಹಳೇದಕ್ಕ ಬಣ್ಣಾ ಹೊಡದಾರ," ಅಂದ. ಬಿಚ್ಚಿ ಕೂಡ ನೋಡಲಿಲ್ಲ. ನನಗೆ ಅಷ್ಟು ಸಾಕಾಯಿತು. ಹದಿಮೂರು ದಿನದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡೆ.

೨೦ ಜನವರಿ, ಸೋಮವಾರ

ಅಫ್ಜಲನ ಗ್ಯಾರೇಜಿನ ಮುಂದೆ ಚಹಾದ ಅಂಗಡಿ ಇದೆ. ಹನ್ನೆರಡು ಗಂಟೆ, ಹದಿನೈದು ಜನ ಇದ್ದರು. ಎಲ್ಲರಿಗೂ ಕೇಳಿಸುವ ಹಾಗೆ ಅಂದೆ: "ಹಳೇ ಮೋಟಾರ್ ಹಾಕಿ ಹೊಸಾದಂದಾಂವ ಇವ. ನನ್ನ ಹೆಂಡ್ತೀನ ಕೊಂದಾಂವ ಇವ."

ಅವನು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟ. ಒಂದು ಮಾತೂ ಆಡಲಿಲ್ಲ. ತಪ್ಪಿಲ್ಲದವನಾದರೆ ಆಡುತ್ತಿರಲಿಲ್ಲವೇ? ಲಾಲಬಿ ಊಟದ ಡಬ್ಬಿ ತಂದವಳು ಬಾಗಿಲಲ್ಲಿ ನಿಂತಿದ್ದಳು. ನಿಂತರೆ ನಿಲ್ಲಲಿ.

೨೫ ಜನವರಿ, ಶನಿವಾರ

ಗಿರಣಿಯವರೂ ತಮ್ಮ ಗಾಡಿಗಳನ್ನು ಅಫ್ಜಲನಲ್ಲಿಂದ ಬಿಡಿಸಿದರಂತೆ. ಒಳ್ಳೆಯದಾಯಿತು.

೨೯ ಜನವರಿ, ಬುಧವಾರ

ಅಮವಾಸ್ಯೆ. ಅವ್ವ ಕಾಯಿ ಹಿಡಿದು ಬಂದಳು. ಈ ಸಲ ಬೇಡವೆಂದೆ.

"ನಮಗೆಲ್ಲಿ ಸೂತಕ? ಬಾನೆಟ್ ಎತ್ತು. ಆಕಿನ್ನಂತೂ ಉಳಿಸಲಿಲ್ಲ, ನಿನ್ನರೆ ಕಾಯಲಿ."

ಎತ್ತಿದೆ. ಅವಳು ಸುರಿದ ನೀರು ಅತ್ತಿತ್ತ ಚೆಲ್ಲಿತು.

೧ ಫೆಬ್ರುವರಿ, ಶನಿವಾರ

ಹಿರೇಕೆರೂರಿಗೆ ಹೋಗಿದ್ದೆ. ಮಗಳು ಅಂಕಿತಾಳನ್ನು ಅಲ್ಲಿಗೆ ಕೊಟ್ಟಿದ್ದೇವೆ. ನೀಲವ್ವನ ಸೀರೆಗಳನ್ನು ಅವಳಿಗೆ ಕೊಟ್ಟು ಹೊರಟಾಗ ಕಾರು ಟಕ್ ಅಂದಿತು. ಅಂಕಿತಾ ಆ ಸದ್ದು ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಳಿಯ ಹುಲಗೇಶ ಎಂಬ ವೈರಿಂಗ್ ಕೆಲಸದವನನ್ನು ಕರೆತಂದ. ಅರವತ್ತರ ಆಸುಪಾಸಿನವನು, ಮಾತು ಕಡಿಮೆ. ಕೀಲಿ ತಿರುಗಿಸಲು ಹೇಳಿ ಸದ್ದು ಕೇಳಿದ. ದಪ್ಪನೆಯ ಒಂದು ವೈರಿನ ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದು, ಇನ್ನೊಂದು ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿದ.

"ಈಗ ಹೊಡೀರಿ."

ಒಂದೇ ಸಲಕ್ಕೆ ಆಯಿತು.

"ಅರ್ಥಿಂಗ್ ಹೋಗೇತ್ರಿ. ದೀಪಕ್ಕ ಸಾಲತೈತಿ, ಮೋಟಾರಿಗೆ ಸಾಲೂದಿಲ್ಲ." ಬ್ಯಾಟರಿ ಎತ್ತಿಟ್ಟು ಕೆಳಗಿನ ಬೋಲ್ಟ್ ಬಿಚ್ಚಿದ. ಇಂಜಿನ್ನಿಗೆ ಹೋಗುವ ಅರ್ಥಿಂಗ್ ವೈರಿನ ಬಾಯಿಯೊಳಗೆ ಹಸಿರು ಬಿಳಿ ಹಕ್ಕಳೆ ಕಟ್ಟಿತ್ತು. ಚಾಕುವಿನಿಂದ ಕೆರೆದು ಅಂಗೈಯಲ್ಲಿ ಹಿಡಿದು ತೋರಿಸಿದ. ಅದರಲ್ಲಿ ಕುಂಕುಮದ ಕೆಂಪು, ತೆಂಗಿನ ನಾರಿನ ಎರಡು ಎಳೆ.

"ಇದಕ್ಕ ಯಾರ್ರಿ ಕಾಯಿ ನೀರ ಹಾಕಾವ್ರು? ಉಪ್ಪಿರತೈತ್ರಿ ಅದರಾಗ. ತಾಮ್ರಾ ತಿಂತೈತಿ. ಹಾಕಿದ ನಾಕ್ ದಿನದಾಗ ಹಿಂಗಾಗತೈತಿ. ಆಮ್ಯಾಲೆ ಗಾಡಿ ಜಿಗದ್ಯಾಡಿ ಜಿಗದ್ಯಾಡಿ ಹಕ್ಕಳಿ ಉದರಿ ಮತ್ತ ಸರಿ ಆಗತೈತಿ. ಮುಂದಿನ ಅಮಾಸಿ ತನಕ."

ಹಕ್ಕಳೆ ಒರೆಸಿ ಬೋಲ್ಟ್ ಮತ್ತೆ ಬಿಗಿದ.

"ಮೋಟಾರ್ ಮಾತ್ರ ಹೊಸಾದೈತ್ರಿ. ಹಾಕಿದಾಂವ ಚೊಲೋ ಹಾಕ್ಯಾನ," ಅಂದ.

೨ ಫೆಬ್ರುವರಿ, ಭಾನುವಾರ

ಬೆಳಿಗ್ಗೆಯಿಂದ ಈ ಪುಸ್ತಕವನ್ನೇ ತಿರುವಿ ಹಾಕುತ್ತಿದ್ದೇನೆ. ನವೆಂಬರ್ ಒಂದು ಪೂಜೆ, ಐದಕ್ಕೆ ಟಕ್. ಡಿಸೆಂಬರ್ ಒಂದು, ಮೂರಕ್ಕೆ ಟಕ್. ಮೂವತ್ತು, ಮೂವತ್ತೊಂದಕ್ಕೆ ಟಕ್. ನನ್ನ ಅಕ್ಷರವೇ. ಬರೆದವನು ಓದಲಿಲ್ಲ. ಗಿರಣಿಯಲ್ಲಿ ಹೀಗೆ ಮಾಡಿದ್ದರೆ ಮಾಲಕ ಆಗಲೇ ಮನೆಗೆ ಕಳಿಸುತ್ತಿದ್ದ.

ಅಫ್ಜಲ ವೈರು ನೋಡಬೇಕು ಅಂದದ್ದೂ ಇಲ್ಲೇ ಇದೆ, ಎರಡು ಕಡೆ.

ಜನವರಿ ಒಂಬತ್ತಕ್ಕೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಕಾರು ನಿಂತಿತು ಎಂದಿದ್ದೇನೆ. ಕಾರು ನಿಲ್ಲಲಿಲ್ಲ, ನಾನು ನಿಲ್ಲಿಸಿದೆ. ನೀಲವ್ವನಿಗೆ ಓಕರಿಕೆ ಬಂತು, ಬದಿಗೆ ತೆಗೆದುಕೊಂಡೆ. "ಇಂಜಿನ್ ನಡಗತೈತ್ರಿ, ಹೊಟ್ಟಿ ತೊಳಸತೈತಿ, ಬಂದ್ ಮಾಡ್ರಿ ಸ್ವಲ್ಪ" ಅಂದಳು. ಮಂಗಳವಾರ ಟಕ್ ಅಂದದ್ದು ನೆನಪಿತ್ತು. ಆದರೂ ಕೀಲಿ ತಿರುಗಿಸಿ ಬಂದ್ ಮಾಡಿದೆ. ಅವಳು ಕೇಳಿದ್ದು ಅದೊಂದೇ, ಇಲ್ಲವೆನ್ನಲು ಆಗಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ. ಈ ಪುಸ್ತಕಕ್ಕೂ ಹೇಳಿರಲಿಲ್ಲ.

ಅವ್ವ ಉಣ್ಣಲು ಕರೆದಳು. ಮುಖ ನೋಡಲಾಗದೆ ಗಂಗಾಳವನ್ನೇ ನೋಡುತ್ತ ಉಂಡೆ.

೪ ಫೆಬ್ರುವರಿ, ಮಂಗಳವಾರ

ಗ್ಯಾರೇಜಿನಲ್ಲಿ ಒಂದೂ ಗಾಡಿ ಇರಲಿಲ್ಲ. ಅಫ್ಜಲ ಖಾಲಿ ನೆಲ ಗುಡಿಸುತ್ತಿದ್ದ. ಎಲ್ಲ ಹೇಳಿದೆ. ಅವ್ವನ ಕಾಯಿ ನೀರಿನದನ್ನೂ ಹೇಳಿದೆ. ತಪ್ಪಾಯಿತು ಅಂದೆ.

ಗುಡಿಸುವುದನ್ನು ನಿಲ್ಲಿಸಲಿಲ್ಲ. "ನನ್ನ ಕಿವ್ಯಾಗ ಹೇಳಿದ್ರೇನ ಆಗತೈತ್ರಿ? ಅವತ್ತ ನನ್ನ ಕಿವ್ಯಾಗ ಅಂದಿದ್ರೇನು?"

"ಎಲ್ಲಾರ ಮುಂದ ಹೇಳಿದ್ರ ನಮ್ಮವ್ವಗ ಮುಟ್ಟತೈತಪಾ ಅಫ್ಜಲ. ಆಕಿ ಸಾಯ್ತಾಳ."

ಆಗ ಕಸಬರಿಗೆ ಗೋಡೆಗೆ ಆನಿಸಿದ. "ನಂಗೂ ಅವ್ವ ಅದಾಳ್ರಿ. ನೀವಂದದ್ದು ಆಕಿನೂ ಕೇಳಿದ್ಲು. ಅವತ್ತಿನಿಂದ ಡಬ್ಬಿ ತರೂದು ಬಿಟ್ಟಾಳ, ಈ ರಸ್ತೆದಾಗ ಕಾಲಿಡಾಕ ನಾಚ್ಕಿ ಅಂತಾಳ."

ತಿರುಗಿ ಬಂದೆ. ಅವನು ಕೂತ್ಕೋರಿ ಅನ್ನಲಿಲ್ಲ, ಚಹಾ ಹೇಳಲಿಲ್ಲ. ಹನ್ನೆರಡು ವರ್ಷದಲ್ಲಿ ಇದೇ ಮೊದಲು.

೬ ಫೆಬ್ರುವರಿ, ಗುರುವಾರ

ಹನ್ನೆರಡು ಗಂಟೆಗೇ ಹೋದೆ. ಚಹಾದ ಅಂಗಡಿಯಲ್ಲಿ ಅವತ್ತಿನವರೇ ಹೆಚ್ಚು ಕಡಿಮೆ. ನಿಂತೇ ಹೇಳಿದೆ.

"ಅವತ್ತ ನಾ ಅಂದದ್ದು ಸುಳ್ಳು. ಮೋಟಾರ್ ಹೊಸಾದೈತಿ. ಅಫ್ಜಲ ವೈರ್ ನೋಡ್ತೇನಿ ಅಂದ, ನಾ ಗಾಡಿ ಬಿಡಲಿಲ್ಲ. ಅಮಾಸಿಗೊಮ್ಮೆ ಬಾನೆಟ್ ಎತ್ತಿ ಇಂಜಿನ್ನಿನಾಗ ಕಾಯಿ ನೀರ ಹಾಕ್ತಿದ್ದೆ. ಅದ ವೈರ್ ತಿಂದೈತಿ."

"ಯಾರ್ ಹಾಕ್ತಿದ್ರು?" ಯಾರೋ ಕೇಳಿದರು.

"ನಾನ."

ಒಬ್ಬ ನನ್ನ ಕಡೆ ನೋಡಿದ ನೋಟ ಇನ್ನೂ ಮೈಮೇಲಿದೆ. ಹೆಂಡತಿಯನ್ನು ತಾನೇ ಕೈಯಾರೆ ಕಳಿಸಿಕೊಟ್ಟವನು ಎಂದು ಇನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಪೂರಾ ಸುಳ್ಳೇನೂ ಅಲ್ಲ.

ಅಫ್ಜಲ ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. 'ನಾನ' ಅಂದದ್ದು ಅವನಿಗೆ ಕೇಳಿಸಿತು. ಹತ್ತಿರ ಬಂದು ಕೈಯೊಡ್ಡಿ ಕೀಲಿ ಕೇಳಿದ.

"ಈಗರೆ ಎರಡ್ ದಿನಾ ಬಿಡ್ರಿ."

ಬಿಟ್ಟು ಬಸ್ಸಿಗೆ ಬಂದೆ. ಈಗ ಎಷ್ಟು ದಿನವಾದರೂ ಬಿಡಬಹುದು.

೯ ಫೆಬ್ರುವರಿ, ಭಾನುವಾರ

ಪಕ್ಕದ ಮನೆಯ ಹೊಳೆವ್ವ ನಿನ್ನೆ ಹಾನಗಲ್ಲಿಗೆ ಹೋಗಿ ಬಂದಿದ್ದಳು. ಬೆಳಿಗ್ಗೆ ಅವ್ವನ ಹತ್ತಿರ ಬಹಳ ಹೊತ್ತು ಕೂತಿದ್ದಳು.

ಮಧ್ಯಾಹ್ನ ಅವ್ವ ಕೇಳಿದಳು, "ಹಾನಗಲ್ಲಾಗ ಏನೋ ಮಾತಾಡಿ ಬಂದ್ಯಂತ."

"ಏನಿಲ್ಲವ್ವಾ. ಗಾಡೀದು."

"ಹೂಂ," ಅಂದಳು. ರೊಟ್ಟಿ ಬಡಿಯುತ್ತಿದ್ದಳು, ಬಡಿಯುತ್ತಲೇ ಇದ್ದಳು. ಅಂಚು ಹರಿದುಹೋಯಿತು.

೧೬ ಫೆಬ್ರುವರಿ, ಭಾನುವಾರ

ಅವ್ವ ಮಾತು ಕಡಿಮೆ ಮಾಡಿದ್ದಾಳೆ. ನೀಲವ್ವ ಕೂರುತ್ತಿದ್ದ ಕಟ್ಟೆಯ ಮೇಲೆ ಕೂತಿರುತ್ತಾಳೆ. ಹೊತ್ತಿಗೊಮ್ಮೆ ಹೋಗಿ ನೀರು ಕೊಡುತ್ತೇನೆ, ಪಕ್ಕದಲ್ಲಿ ಕೂರುತ್ತೇನೆ. ಮಾವಿನ ಗಿಡ ಹೂ ಬಿಟ್ಟಿದೆ. ನೀಲವ್ವ ಇದ್ದಿದ್ದರೆ ಈ ಸಲ ಮಿಡಿ ಎಷ್ಟು ನಿಲ್ಲುತ್ತದೆ ಎಂದು ಲೆಕ್ಕ ಹೇಳಿರುತ್ತಿದ್ದಳು. ಅವಳ ಲೆಕ್ಕ ಯಾವತ್ತೂ ತಪ್ಪೇ. ಅವಳಿಗೆ ಹುಳಿ ಎಂದರೆ ಪ್ರಾಣ. ಮದುವೆಯಾದ ವರ್ಷ ಇದೇ ಗಿಡದ ಕಾಯಿ ಕದ್ದು ತಿಂದು ಅವ್ವನ ಕೈಯಲ್ಲಿ ಸಿಕ್ಕಿದ್ದಳು. ಇಬ್ಬರೂ ಕೂಡಿ ತಿಂದು, ನನಗೆ ಗೊತ್ತಾಗಬಾರದೆಂದು ಗೊರಟೆ ಹಿತ್ತಲಲ್ಲಿ ಹುಗಿದಿದ್ದರು.

ಅಫ್ಜಲ ಸರಿಮಾಡಿ ಕೊಟ್ಟ ಕಾರಿನ ಬಗ್ಗೆ ಬರೆಯಲು ಕೂತಿದ್ದೆ. ಹೊತ್ತಾಯಿತು.

೨೭ ಫೆಬ್ರುವರಿ, ಗುರುವಾರ

ನಿನ್ನೆ ಶಿವರಾತ್ರಿ. ಅವ್ವ ಒಂದು ಗುಟುಕು ನೀರೂ ಕುಡಿಯಲಿಲ್ಲ. ಇವತ್ತು ಅಮವಾಸ್ಯೆ.

ಈ ಸಲ ಅವಳು ಮರೆಯಲಿ ಎಂದು ಬೇಡಿಕೊಂಡಿದ್ದೆ. ಹತ್ತು ಗಂಟೆಗೆ ಬಕೆಟ್ಟಿನ ಸದ್ದು ಕೇಳಿಸಿತು. ಹೊರಗೆ ಬಂದರೆ ಕಾರು ತೊಳೆದಿದ್ದಳು, ಗಾಲಿಗೆ ವಿಭೂತಿ ಹಚ್ಚಿದ್ದಳು. ಬಾನೆಟ್ಟಿಗೆ ಕೈ ಹಚ್ಚಿರಲಿಲ್ಲ. ಎತ್ತಲೇನವ್ವಾ ಎಂದು ನಾನೇ ಕೇಳಿದೆ. ಹಾಕಲಿ, ಆಮೇಲೆ ಒರೆಸಿದರಾಯಿತು ಎಂದುಕೊಂಡಿದ್ದೆ.

ಬೇಡವೆಂದು ತಲೆಯಾಡಿಸಿದಳು. ಕಾಯಿ ತಂದು ನನ್ನ ಎರಡೂ ಕೈ ಹಿಡಿದು ಅದರಲ್ಲಿಟ್ಟಳು.

"ನೀನ ಒಡಿ," ಅಂದಳು. "ಅಮಾಸಿಗೊಮ್ಮೆ ನೀನ ಒಡೀತಿದ್ಯಂತಲ್ಲಾ."

ಅವಳ ಕೈ ನನ್ನ ಕೈಮೇಲೇ ಇತ್ತು. ನಾನು ಹೂಂ ಅಂದೆ.

ಒಡೆದೆ. ನೀರನ್ನು ಮುಂದಿನ ಗಾಲಿಯ ಬುಡಕ್ಕೆ ಬಿಟ್ಟೆ, ಎಡಗಡೆಯದಕ್ಕೆ, ನೀಲವ್ವ ಕೂರುತ್ತಿದ್ದ ಬದಿಯದಕ್ಕೆ. ಮಣ್ಣು ಕುಡಿಯಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಆ ಕಾಯಿಯನ್ನು ತಿಂದೆವು.